ದಾಖಲೆಯಲ್ಲಿ ಇಲ್ಲದ ಹಕ್ಕಿಗಳು

ಬಿಇ ಮೊದಲ ವರ್ಷದಲ್ಲಿದ್ದಾಗ ಹಾಸ್ಟೆಲ್ ಗೆಳತಿಯರ ಜೊತೆ ರಂಗನತಿಟ್ಟಿಗೆ ಹೋಗಿದ್ದೆ. ಜನವರಿ ಕೊನೆಯ ಒಂದು ಭಾನುವಾರ. ದೋಣಿಯಲ್ಲಿ ನಮ್ಮ ಎದುರು ಒಂದು ಕುಟುಂಬ ಕೂತಿತ್ತು. ದೋಣಿ ನಡುಗಡ್ಡೆಯ ಪಕ್ಕ ಬರುತ್ತಿದ್ದಂತೆ ಮರದ ತುಂಬಾ ಬಣ್ಣದ ಕೊಕ್ಕರೆಗಳು. ಆ ಮನೆಯ ಯಜಮಾನರು ಮಗನಿಗೆ ಹೇಳಿದರು: ‘ನೋಡೋ, ಇವೆಲ್ಲ ಸೈಬೀರಿಯಾದಿಂದ ಬಂದಿರೋದು. ಇಲ್ಲಿ ಮೊಟ್ಟೆ ಇಟ್ಟು, ಮರಿ ಮಾಡ್ಕೊಂಡು ವಾಪಸ್ ಹೋಯ್ತವೆ.’ ನಾವೂ ತಲೆಯಾಡಿಸಿದೆವು. ಸುಳ್ಳು ಹೇಳಬಾರದು, ಹೈಸ್ಕೂಲಿನಲ್ಲಿ ‘ನಮ್ಮ ಜಿಲ್ಲೆಯ ಪ್ರವಾಸಿ ತಾಣ’ ಪ್ರಬಂಧದಲ್ಲಿ ನಾನೂ ಇದನ್ನೇ ಬರೆದು ಒಂದು ಸ್ಟೀಲ್ ತಟ್ಟೆ ಬಹುಮಾನ ಗೆದ್ದವಳು. ಆ ತಟ್ಟೆಯಲ್ಲಿ ಅವ್ವ ಈಗಲೂ ತರಕಾರಿ ಹೆಚ್ಚುತ್ತಾಳೆ.

ಅದು ತಪ್ಪು ಎಂದು ಗೊತ್ತಾಗಿದ್ದು ಆಮೇಲೆ. ರಂಗನತಿಟ್ಟಿನ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಹೆಜ್ಜಾರ್ಲೆ, ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆ ಇವು ಸೈಬೀರಿಯಾ ಕಂಡವಲ್ಲ. ನೀರು, ಮೇವು ನೋಡಿಕೊಂಡು ನಮ್ಮ ದೇಶದ ಸುತ್ತಮುತ್ತಲೇ ಓಡಾಡುವ ಹಕ್ಕಿಗಳು. ನಿಜವಾಗಿಯೂ ಉತ್ತರದ ಚಳಿ ನಾಡುಗಳಿಂದ ಬರುವ ಹಕ್ಕಿಗಳು ಇಲ್ಲಿ ಗೂಡು ಕಟ್ಟುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಅವುಗಳ ಸಂಸಾರವೆಲ್ಲ ಅಲ್ಲಿ, ಬೇಸಿಗೆಯಲ್ಲಿ. ಇಲ್ಲಿಗೆ ಬರುವುದು ಹೊಟ್ಟೆಪಾಡಿಗೆ. ಅಕ್ಟೋಬರ್‌ನಿಂದ ಒಂದೊಂದಾಗಿ ಇಳಿಯುತ್ತವೆ, ಮಾರ್ಚ್ ಮುಗಿಯುವ ಹೊತ್ತಿಗೆ ಹೊರಡುತ್ತವೆ.

ಈಗ ನನಗೆ ನಗು ತರಿಸುವ ವಿಷಯ ಹೇಳುತ್ತೇನೆ. ನಾವು ಟಿಕೆಟ್ ಕೊಂಡು, ಲೈಫ್ ಜಾಕೆಟ್ ಹಾಕಿಕೊಂಡು ನಡುಗಡ್ಡೆಯಲ್ಲಿ ಸೈಬೀರಿಯಾ ಹಕ್ಕಿ ಹುಡುಕುತ್ತಿದ್ದ ಅದೇ ವಾರ, ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮೂರ ಕೆರೆಯಲ್ಲಿ, ಎಮ್ಮೆ ಮೈ ತೊಳೆಯುವ ಜಾಗದಿಂದ ನೂರು ಮಾರು ದೂರದಲ್ಲಿ, ಅಸಲಿ ಸೈಬೀರಿಯಾ ಕಡೆಯ ಬಾತುಗಳು ಮೇಯುತ್ತಿದ್ದವು. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು. ಊರಲ್ಲಿ ಎಲ್ಲಕ್ಕೂ ಒಂದೇ ಹೆಸರು, ‘ನೀರ್‌ಕೋಳಿ’. ಹದಿನೆಂಟು ವರ್ಷ ಆ ಕೆರೆ ಏರಿಯ ಮೇಲೆ ಶಾಲೆಗೆ ಹೋದವಳು ನಾನು. ಒಂದು ದಿನವೂ ತಿರುಗಿ ನೋಡಿರಲಿಲ್ಲ.

ರಂಗನತಿಟ್ಟನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಅದರ ಕಥೆ ಎಂಜಿನಿಯರಿಂಗ್ ಓದುವವರಿಗೆ ವಿಶೇಷವಾಗಿ ರುಚಿಸಬೇಕು. ಅಲ್ಲಿನ ನಡುಗಡ್ಡೆಗಳು ದೇವರು ಮಾಡಿಟ್ಟವಲ್ಲ. 1645ರಿಂದ 1648ರ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿದರು. ನೀರು ಹರಡಿ ನಿಂತಾಗ ನದಿಯಲ್ಲಿ ತಿಟ್ಟುಗಳು ಉಳಿದವು. ಕಟ್ಟಿದವರ ಕಣ್ಣು ಇದ್ದದ್ದು ನಾಲೆಯ ಮೇಲೆ, ಗದ್ದೆಯ ಮೇಲೆ. ಹಕ್ಕಿಗಳ ಕಣ್ಣು ತಿಟ್ಟಿನ ಮೇಲೆ ಬಿತ್ತು. ಸುತ್ತ ನೀರು, ನೀರಲ್ಲಿ ಮೊಸಳೆ. ಕಾಡುಬೆಕ್ಕು, ನರಿ ಈಜಿ ಬರುವ ಧೈರ್ಯ ಮಾಡುವುದಿಲ್ಲ. ಗೂಡಿಗೆ ಇದಕ್ಕಿಂತ ಒಳ್ಳೆಯ ಕಾವಲು ಯಾವುದು? ಸುಮಾರು ಮುನ್ನೂರು ವರ್ಷ ಕಳೆದ ಮೇಲೆ, ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಇದನ್ನು ನೋಡಿ ಅರಸರಿಗೆ ಹೇಳಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ತಾಣವಾಯಿತು, ಕರ್ನಾಟಕದಲ್ಲೇ ಮೊದಲನೆಯದು.

ಈ ಕೊನೆಯ ವಾಕ್ಯ ಈ ಪುಟ ಓದುವ ಬಹುಪಾಲು ಗೆಳೆಯರಿಗೆ ಬಾಯಿಪಾಠ. ಎಫ್‌ಡಿಎ, ಪಿಡಿಒ, ಕೆಎಎಸ್‌ಗೆ ಓದುವವರ ನೋಟ್ಸಿನಲ್ಲಿ ಇದು ಇದ್ದೇ ಇದೆ: ‘ಕರ್ನಾಟಕದ ಮೊದಲ ರಾಮ್ಸಾರ್ ತಾಣ ಯಾವುದು?’ ಒಂದು ಅಂಕ. ನಮ್ಮ ಪಿಜಿಯಲ್ಲಿ ನನ್ನ ಅಕ್ಕಪಕ್ಕದ ಮಂಚದವರೆಲ್ಲ ಇದನ್ನು ಓದುತ್ತಾರೆ. ಒಬ್ಬಳು ಪಾಂಡವಪುರದವಳು. ‘ನಿಮ್ಮೂರ ಹತ್ತಿರ ತೊಣ್ಣೂರು ಕೆರೆಯಲ್ಲಿ ಯಾವ ಹಕ್ಕಿ ಇದಾವೆ?’ ಅಂದೆ. ‘ಅದು ಸಿಲಬಸ್‌ನಲ್ಲಿ ಇಲ್ಲ ಕಣೆ’ ಅಂದಳು. ತಮಾಷೆಗೇ ಅಂದದ್ದು. ಆದರೆ ನನ್ನ ತಕರಾರು ಇರುವುದೇ ಅಲ್ಲಿ.

ನನ್ನ ತಕರಾರು ಏನು ಎಂದು ಹೇಳಬೇಕಾದರೆ ನಮ್ಮೂರ ಕೆರೆಗೆ ಏನಾಯಿತು ಎಂದು ಹೇಳಬೇಕು.

ರಂಗನತಿಟ್ಟಿನಿಂದ ಬಂದ ಮೇಲೆ ಮೈಸೂರಿನ ಒಬ್ಬಳು ಸಹಪಾಠಿ ನನ್ನ ಫೋನಿಗೆ ಇ-ಬರ್ಡ್ ಹಾಕಿಕೊಟ್ಟಳು. ನೋಡಿದ ಹಕ್ಕಿಗಳ ಪಟ್ಟಿಯನ್ನು ಯಾರು ಬೇಕಾದರೂ ಸೇರಿಸಬಹುದಾದ ಆ್ಯಪ್ ಅದು. ಅದರ ನಕ್ಷೆಯಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ, ರಂಗನತಿಟ್ಟಿನ ಮೇಲೆ ಗುರುತುಗಳೇ ಗುರುತುಗಳು. ಬೆರಳಿನಿಂದ ನಕ್ಷೆ ಸರಿಸಿ ನಮ್ಮೂರಿಗೆ ಬಂದೆ. ಕೆರೆ ನೀಲಿಯಾಗಿ ಕಾಣುತ್ತಿತ್ತು. ಅದರ ಮೇಲೆ ಒಂದು ಗುರುತೂ ಇರಲಿಲ್ಲ. ನನಗೆ ಸ್ವಲ್ಪ ಅವಮಾನವೇ ಆಯಿತು ಅನ್ನಿ. ನಮ್ಮೂರಿಗೆ ಬಸ್ ಇಲ್ಲ ಅಂದರೆ ಆಗುವಂಥ ಅವಮಾನ.

ಆ ಫೆಬ್ರುವರಿಯಿಂದ ಊರಿಗೆ ಹೋದಾಗಲೆಲ್ಲ ಎಣಿಸಲು ಶುರು ಮಾಡಿದೆ. ಅದು 2023ರ ಬರದ ಮರು ವರ್ಷ. ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ರೈತರು ರಸ್ತೆಯಲ್ಲಿ ಕೂತಿದ್ದನ್ನು ಮರೆತಿಲ್ಲ ತಾನೆ? ನಮ್ಮ ಕೆರೆಯಲ್ಲೂ ಮೊಣಕಾಲುದ್ದ ನೀರು ಉಳಿದಿತ್ತು. ಅಪ್ಪನ ಕಬ್ಬು ಒಣಗಿತ್ತು. ಹಕ್ಕಿಗಳಿಗೆ ಮಾತ್ರ ಹಬ್ಬ. ಏಕೆಂದರೆ ಈ ಬಾತುಗಳು ಮುಳುಗು ಹಾಕುವವಲ್ಲ. ತಲೆ ಕೆಳಗೆ, ಬಾಲ ಮೇಲೆ ಮಾಡಿ ಕತ್ತು ಎಟುಕುವಷ್ಟು ಆಳದಲ್ಲಿ ಮಾತ್ರ ತಿನ್ನುತ್ತವೆ. ಗದ್ದೆಗೊರವಗಳಿಗೆ ಇನ್ನೂ ಕಡಿಮೆ ಸಾಕು, ಕಣಕಾಲು ಮುಳುಗುವ ಕೆಸರು. ನಮಗೆ ಕೆಟ್ಟ ವರ್ಷ ಅವಕ್ಕೆ ಒಳ್ಳೆಯ ವರ್ಷ ಆಗಬಹುದು ಎನ್ನುವುದು ಏರಿಯ ಮೇಲೆ ನಿಂತು ನೋಡುವವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಹಕ್ಕಿ ಕಂಡು ಖುಷಿಪಡುತ್ತಾ ಹಿಂದೆ ತಿರುಗಿದರೆ ಒಣಗಿದ ಕಬ್ಬು. ಇದನ್ನು ಯಾರಿಗೂ ಹೇಳಲು ಆಗುವುದಿಲ್ಲ.

ಬೆಳಿಗ್ಗೆ ಆರಕ್ಕೆ ಹುಡುಗಿಯೊಬ್ಬಳು ಕೆರೆ ಏರಿಯ ಮೇಲೆ ನಿಂತರೆ ಊರು ಸುಮ್ಮನಿರುವುದಿಲ್ಲ. ಮೊದಲ ವಾರವೇ ಅವ್ವನ ಕಿವಿಗೆ ಬಿತ್ತು. ‘ಫೋನ್‌ನಾಗೆ ಯಾರ ಜೊತೆ ಮಾತಾಡ್ತಳೋ’ ಅಂದವರೂ ಇದ್ದರು. ಅವ್ವ ಒಂದು ಷರತ್ತು ಹಾಕಿದಳು, ತಮ್ಮನನ್ನು ಕರೆದುಕೊಂಡು ಹೋಗಬೇಕು. ಒಂಬತ್ತನೇ ಕ್ಲಾಸಿನ ಅವನಿಗೆ ಒಂದು ಬಾರಿಗೆ ಒಂದು ಎಗ್ ಪಫ್ಸ್ ದರ. ಹಕ್ಕಿ ನೋಡುವ ಹವ್ಯಾಸದ ಬಗ್ಗೆ ಬರೆಯುವವರು ಬೈನಾಕ್ಯುಲರ್ ಬೆಲೆ ಬರೆಯುತ್ತಾರೆ, ಈ ಪಫ್ಸ್ ಲೆಕ್ಕ ಯಾರೂ ಬರೆಯುವುದಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ.

ಎರಡನೇ ಚಳಿಗಾಲದ ಹೊತ್ತಿಗೆ ಮಳೆ ಚೆನ್ನಾಗಿ ಆಗಿತ್ತು, ಕೆರೆ ತುಂಬಿತ್ತು. ಆದರೂ ಉತ್ತರದ ಬದಿಯಲ್ಲಿ, ಹಿಂದೆ ನೀರು ಬರುವ ಹಳ್ಳದ ಬಾಯಲ್ಲಿ, ತೆಳ್ಳಗೆ ಹರಡಿದ ನೀರು, ಜೊಂಡು, ಕೆಸರು. ಬಾತುಗಳೆಲ್ಲ ಅಲ್ಲೇ. ನವೆಂಬರ್ ಕೊನೆಯಲ್ಲಿ ಸೂಜಿಬಾಲದ ಬಾತು 112, ಬಿಳಿಹುಬ್ಬಿನ ಬಾತು 70ರ ಆಸುಪಾಸು, ಸಲಿಕೆ ಕೊಕ್ಕಿನವು 9, ನಾಮದ ಕೋಳಿ ಎಣಿಸಲಾಗದಷ್ಟು, ಒಂದು ಜೌಗು ಸೆಳೆವ. ಸೆಳೆವ ಜೊಂಡಿನ ಮೇಲೆ ತಗ್ಗಿ ಹಾರಿದರೆ ಸಾಕು, ಇಡೀ ಗುಂಪು ಒಮ್ಮೆಗೇ ಎದ್ದು ನನ್ನ ಲೆಕ್ಕವೆಲ್ಲ ಕೆಡುತ್ತಿತ್ತು. ಮತ್ತೆ ಒಂದರಿಂದ.

ಡಿಸೆಂಬರ್ ಎರಡನೇ ವಾರ ಜೆಸಿಬಿ ಬಂತು. ‘ಕೆರೆ ಅಭಿವೃದ್ಧಿ’. ತೂಬು ಎತ್ತಿ ನೀರು ಬಿಟ್ಟರು. ಉತ್ತರದ ತೆಳು ನೀರಿನ ಭಾಗವನ್ನೇ ಮೊದಲು ಬಗೆದರು, ಲಾರಿ ಇಳಿಯಲು ಅಲ್ಲಿ ಸುಲಭ ಎಂದು. ಜೊಂಡು ಕಿತ್ತರು. ಅಂಚನ್ನು ಬಾವಿಯ ಗೋಡೆಯಂತೆ ಕಡಿದಾಗಿ ಇಳಿಸಿ ಸುತ್ತ ಕಲ್ಲು ಕಟ್ಟಿದರು. ಮೇಲೆ ವಾಕಿಂಗ್ ಪಾತ್. ನಮ್ಮೂರಲ್ಲಿ ವಾಕಿಂಗ್ ಹೋಗುವವರು ಯಾರು ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಎಲ್ಲರೂ ದಿನವಿಡೀ ನಡೆಯುವವರೇ.

ನಾನು ಹೂಳು ತೆಗೆಯಬಾರದು ಅನ್ನುವವಳಲ್ಲ. ಹೂಳು ಹೊತ್ತು ತಂದ ಟ್ರ್ಯಾಕ್ಟರುಗಳಲ್ಲಿ ನಮ್ಮ ಅಪ್ಪನದೂ ಒಂದು. ಆ ಮಣ್ಣು ಬಿದ್ದ ಹೊಲದಲ್ಲಿ ಈ ಸಲದ ಬೆಳೆ ನೋಡಬೇಕು, ಹಾಗಿದೆ. ಕೆರೆ ಇರುವುದೇ ಊರಿನ ನೀರಿಗೆ. ನನ್ನ ಪ್ರಶ್ನೆ ಎರಡೇ. ಚಳಿಗಾಲದ ಹಕ್ಕಿಗಳು ಹೊರಟುಹೋಗಿ, ನೀರು ತಾನಾಗಿಯೇ ಇಳಿದಿರುವ ಏಪ್ರಿಲ್-ಮೇ ತಿಂಗಳು ಬಿಟ್ಟು, ತುಂಬಿದ ಕೆರೆಯನ್ನು ಡಿಸೆಂಬರ್‌ನಲ್ಲಿ ಖಾಲಿ ಮಾಡಿದ್ದು ಏಕೆ? ಇಡೀ ಕೆರೆಯನ್ನು ಒಂದೇ ಆಳಕ್ಕೆ ಬಗೆಯುವ ಬದಲು ಹಳ್ಳ ಸೇರುವ ಒಂದು ಮೂಲೆಯನ್ನು ಇಳಿಜಾರಾಗಿ ಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಮೊದಲನೆಯದಕ್ಕೆ ಉತ್ತರ ಊರವರೇ ಕೊಟ್ಟರು: ‘ಮಾರ್ಚ್ ಒಳಗೆ ಬಿಲ್ ಆಗ್ಬೇಕಲ್ಲವ್ವ.’ ಎರಡನೆಯದಕ್ಕೆ ಉತ್ತರ ಕೇಳಲು ತಮ್ಮನನ್ನು ಕರೆದುಕೊಂಡು ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ. ಕೂರಿಸಿದರು, ನೀರು ಕೊಟ್ಟರು. ಆಮೇಲೆ ಕೇಳಿದರು: ‘ಅಲ್ಲಮ್ಮ, ಅಲ್ಲಿ ಹಕ್ಕಿ ಇದ್ದವು ಅನ್ನೋದಕ್ಕೆ ದಾಖಲೆ ಏನಿದೆ?’

ನನ್ನ ಹತ್ತಿರ ಇದ್ದದ್ದು ಒಂದು ನೋಟ್‌ಬುಕ್ಕಿನ ಹನ್ನೊಂದು ಪುಟ, ಫೋನಿನಲ್ಲಿ ಮಸುಕಾದ ನಾಲ್ಕು ಫೋಟೊ. ಅದೂ ಒಂದು ವರ್ಷದ ಮೇಲೆ ಸ್ವಲ್ಪ ದಿನದ್ದು. ಅವರು ಪುಟ ತಿರುವಿ ನೋಡಿ ವಾಪಸ್ ಕೊಟ್ಟರು. ಕೋಪ ಬಂತು, ಆದರೆ ಬಸ್ಸಿನಲ್ಲಿ ಬರುವಾಗ ಅನಿಸಿತು, ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ನಾನು ಹುಟ್ಟುವ ಮುಂಚಿನಿಂದ ಆ ಬಾತುಗಳು ಬರುತ್ತಿದ್ದವು ಎಂದು ಅಜ್ಜಿ ಹೇಳುತ್ತಾಳೆ. ಅಷ್ಟೂ ವರ್ಷ ಯಾರಾದರೂ ವರ್ಷಕ್ಕೆ ಒಂದು ದಿನ, ಒಂದು ಗಂಟೆ ಎಣಿಸಿ ಬರೆದಿಟ್ಟಿದ್ದರೆ? ಬರೆದಿಡದೆ ಇದ್ದದ್ದು ಇಲ್ಲವೇ ಇಲ್ಲ ಎಂದಾಗುತ್ತದೆ. ಇಲ್ಲದೇ ಇದ್ದದ್ದು ಹೋದರೆ ಯಾರಿಗೂ ನಷ್ಟವಿಲ್ಲ.

ಇದಕ್ಕೆ ಕಾನೂನಿನಲ್ಲಿ ಒಂದು ಪುಸ್ತಕವೇ ಇದೆ ಎಂದು ಆಮೇಲೆ ಗೊತ್ತಾಯಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮರ, ಪ್ರಾಣಿ, ಪಕ್ಷಿಗಳ ದಾಖಲಾತಿ ಇರಬೇಕು. ನಾನು ಕೇಳಿ ನೋಡಿದ ಒಂದು ದಾಖಲಾತಿಯಲ್ಲಿ ಪಕ್ಷಿಗಳ ಪುಟದಲ್ಲಿ ಕಾಗೆ, ಗುಬ್ಬಿ, ಗಿಳಿ, ನವಿಲು, ಕೋಗಿಲೆ ಇದ್ದವು. ಮೂರನೇ ಕ್ಲಾಸಿನ ಚಿತ್ರಪಟದಲ್ಲಿ ಇರುವಂತೆ. ಕೆರೆಯ ಒಂದು ಹಕ್ಕಿಯೂ ಇರಲಿಲ್ಲ. ಬರೆದವರ ತಪ್ಪು ಎಂದು ಹೇಳಲಾರೆ. ಅವರಿಗೆ ಹೆಸರು ಹೇಳುವವರು ಊರಲ್ಲಿ ಯಾರೂ ಸಿಕ್ಕಿರಲಿಕ್ಕಿಲ್ಲ. ಓದಿದ ನಾವೆಲ್ಲ ಬೆಂಗಳೂರಿನಲ್ಲಿದ್ದೆವು.

ಅದಕ್ಕೇ ಪಿಡಿಒ ಪರೀಕ್ಷೆಗೆ ಓದುತ್ತಿರುವ ಗೆಳೆಯ ಗೆಳತಿಯರನ್ನು ಕುರಿತು ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಒಂದಷ್ಟು ಜನ ನಾಳೆ ಪಂಚಾಯಿತಿಯ ಆ ಕುರ್ಚಿಯಲ್ಲಿ ಕೂರುತ್ತೀರಿ. ನನ್ನ ಸಿವಿಲ್ ವಿಭಾಗದ ಸಹಪಾಠಿಗಳಲ್ಲಿ ಕೆಲವರು ಜೆಇ ಆಗಿ ಕೆರೆಯ ಎಸ್ಟಿಮೇಟ್ ಬರೆಯುತ್ತಾರೆ. ಆ ಎಸ್ಟಿಮೇಟಿನಲ್ಲಿ ಅಂಚಿನ ಇಳಿಜಾರು ಎಷ್ಟು ಎನ್ನುವುದು ಒಂದು ಗೆರೆ, ಒಂದು ಅಂಕಿ. ಆ ಅಂಕಿಯ ಮೇಲೆ ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಇಳಿಯಬೇಕೋ ಬೇಡವೋ ನಿರ್ಧಾರವಾಗುತ್ತದೆ. ಕಂಠೀರವ ನರಸರಾಜ ಒಡೆಯರ ಕಟ್ಟೆ ಗೊತ್ತಿಲ್ಲದೆ ಹಕ್ಕಿಗೆ ಜಾಗ ಕೊಟ್ಟಿತು. ನಾವು ಗೊತ್ತಿದ್ದೂ ಕಿತ್ತುಕೊಳ್ಳುತ್ತಿದ್ದೇವೆ. ಯಾವುದು ಒಳ್ಳೆಯ ಎಂಜಿನಿಯರಿಂಗ್?

ಪಕ್ಷಿಧಾಮ ಇದೆಯಲ್ಲ, ಅಲ್ಲಿಗೆ ಹೋಗಲಿ ಬಿಡಿ ಎಂದು ನನಗೆ ಹೇಳಿದವರು ಅನೇಕರು. ಧಾಮ ಎಂದರೆ ಬಸ್‌ಸ್ಟ್ಯಾಂಡ್ ಅಲ್ಲ, ಎಲ್ಲರನ್ನೂ ಅಲ್ಲಿಗೆ ಕಳಿಸಲು. ರಂಗನತಿಟ್ಟು ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಮಳೆಗಾಲದಲ್ಲಿ ಕೆಆರ್‌ಎಸ್ ತುಂಬಿ ನೀರು ಬಿಟ್ಟರೆ ತಗ್ಗಿನ ತಿಟ್ಟುಗಳು ಮುಳುಗುತ್ತವೆ, ದೋಣಿ ವಿಹಾರ ನಿಲ್ಲುತ್ತದೆ. ಕೊಚ್ಚಿಹೋದ ಅಂಚುಗಳಿಗೆ ಮರಳಿನ ಚೀಲ ಜೋಡಿಸಿ ಭದ್ರಪಡಿಸಬೇಕಾಗುತ್ತದೆ. ಅಷ್ಟೇ ಅಲ್ಲ, ಅಲ್ಲಿ ಗೂಡು ಕಟ್ಟುವ ಹಕ್ಕಿಗಳೂ ಅಲ್ಲೇ ಉಣ್ಣುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿಗೆ ಬೆಳಗಾಗುತ್ತಲೇ ಹಾರುತ್ತವೆ. ಬಾಯ್ಕಳಕ ಕೊಕ್ಕರೆಯ ಮುಖ್ಯ ಊಟ ಗದ್ದೆಯ ಬಸವನಹುಳು. ಕೊಕ್ಕಿನ ನಡುವೆ ಸಂದಿ ಇರುವುದೂ ಆ ಚಿಪ್ಪು ಹಿಡಿಯುವ ಕೆಲಸಕ್ಕೆ ಒಗ್ಗಿಕೊಂಡೇ. ನಡುಗಡ್ಡೆ ಮಲಗುವ ಕೋಣೆ ಮಾತ್ರ, ಅಡುಗೆಮನೆ ನಮ್ಮ ಗದ್ದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಅಕ್ಕಪಕ್ಕದಲ್ಲಿ ಗದ್ದೆಗೆ ಮಣ್ಣು ತುಂಬಿ, ಕಲ್ಲು ನೆಟ್ಟು, ‘ಸೈಟುಗಳು ಮಾರಾಟಕ್ಕಿವೆ’ ಎಂದು ಬೋರ್ಡು ಹಾಕಿದ್ದನ್ನು ಬಸ್ಸಿನ ಕಿಟಕಿಯಿಂದ ನೋಡಿದಾಗಲೆಲ್ಲ ಯಾರ ಮನೆಯ ಅಡುಗೆಮನೆ ಹೋಯಿತು ಎಂದು ಯೋಚಿಸುತ್ತೇನೆ. ಸೈಟು ಕೊಳ್ಳುವ ಆಸೆ ನನಗೂ ಇದೆ, ಅದು ಬೇರೆ ಮಾತು.

ನಾಲ್ಕು ತಾಲ್ಲೂಕು ಸುತ್ತಿದರೆ ಒಂದೊಂದರದು ಒಂದೊಂದು ಬಗೆ. ತೊಣ್ಣೂರು ಕೆರೆ ನೋಡಲು ಸಮುದ್ರ, ಆದರೆ ಆಳ. ತೇಲು ಬಾತುಗಳಿಗೆ ಹೆಚ್ಚು ಪ್ರಯೋಜನವಿಲ್ಲ. ನಾಗಮಂಗಲದಲ್ಲಿ ಎಲ್ಲರಿಗೂ ಗೊತ್ತಿರುವುದು ಆದಿಚುಂಚನಗಿರಿಯ ನವಿಲು ಧಾಮ. ಮಳೆ ನಂಬಿದ ಅಲ್ಲಿನ ಸಣ್ಣ ಕೆರೆಗಳು ಒಂದು ವರ್ಷ ತುಂಬಿ, ಮರು ವರ್ಷ ಕ್ರಿಕೆಟ್ ಮೈದಾನವಾಗುತ್ತವೆ. ನೀರಿದ್ದ ವರ್ಷ ಮಾತ್ರ ನೋಡಬೇಕು ಅವನ್ನು. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿಯಲ್ಲಿ ಬೇಸಿಗೆಯ ಹೊತ್ತಿಗೆ ನೀಲಿಬಾಲದ ಕಳ್ಳಿಪೀರಗಳು ಬಂದು ಮರಳುಮಣ್ಣಿನಲ್ಲಿ ಬಿಲ ಕೊರೆದು ಮರಿ ಮಾಡುತ್ತವೆ. ಅಲ್ಲಿಗೆ ನಾನು ಒಮ್ಮೆ ಹೋಗಿ, ದೂರದಿಂದ ನೋಡಿ ವಾಪಸ್ ಬಂದೆ. ಬಿಲದ ಬಾಯಿಗೇ ಹೋಗಿ ಟ್ರೈಪಾಡ್ ಊರುವವರನ್ನು ಕಂಡರೆ ನನಗೆ ಆಗುವುದಿಲ್ಲ. ದೊಡ್ಡ ಲೆನ್ಸ್ ಇದ್ದವರೆಲ್ಲ ಹಕ್ಕಿಪ್ರೇಮಿಗಳು ಎನ್ನುವುದನ್ನೂ ನಾನು ಒಪ್ಪುವುದಿಲ್ಲ.

ಆದರೆ ನನ್ನ ಮನಸ್ಸು ಗೆದ್ದದ್ದು ಕೆಆರ್‌ಎಸ್ ಹಿನ್ನೀರು, ನಮ್ಮ ತಾಲ್ಲೂಕಿನ ಕಡೆಯದು. ಜನವರಿಯಲ್ಲಿ ನೀರು ಹಿಂದೆ ಸರಿಯುತ್ತಾ ಹೋದಂತೆ ಹಸಿರು ಹುಲ್ಲಿನ ಅಂಚು ಬಿಡುತ್ತದೆ. ಅಲ್ಲಿ ಹೋದ ವರ್ಷ 23 ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೀಟು. ಕುರಿ ಕಾಯುವ ಹುಡುಗನಿಂದ ಕಲ್ಲೆಸೆತದ ದೂರದಲ್ಲಿ, ಕುರಿಗಳ ಹಾಗೆಯೇ ಹುಲ್ಲು ಮೇಯುತ್ತಿದ್ದವು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಇದು. ಏಳು ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನಗೆ ಅದಕ್ಕಿಂತ ಇಷ್ಟವಾದದ್ದು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ. ಈ ಹೆಬ್ಬಾತುಗಳು ಒಮ್ಮೆ ಎತ್ತರಕ್ಕೆ ಏರಿ ಅಲ್ಲೇ ನೇರವಾಗಿ ಹಾರುತ್ತವೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಬೆಟ್ಟ ಏರಿದಲ್ಲಿ ಏರಿ, ಕಣಿವೆ ಇಳಿದಲ್ಲಿ ಇಳಿದು, ನೆಲವನ್ನೇ ಅನುಸರಿಸಿ ಹೋಗುತ್ತವೆ. ಮೇಲೆ ಗಾಳಿ ತೆಳು, ರೆಕ್ಕೆ ಬಡಿಯುವ ಖರ್ಚು ಹೆಚ್ಚು. ಇಳಿದು ಮತ್ತೆ ಏರುವುದೇ ಅಗ್ಗ. ಥರ್ಮೊಡೈನಮಿಕ್ಸ್‌ನಲ್ಲಿ ನಾನು ಜಸ್ಟ್ ಪಾಸ್. ಆ ಹಕ್ಕಿ ಡಿಸ್ಟಿಂಕ್ಷನ್.

ಇಂಥ ಹಕ್ಕಿಗಳನ್ನು ನಾವು ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ‘ವಿದೇಶಿ ಅತಿಥಿ’ ಅನ್ನುತ್ತೇವೆ. ನನಗೆ ಆ ಮಾತು ಹಿಡಿಸುವುದಿಲ್ಲ. ಅತಿಥಿ ಎಂದರೆ ಮನೆ ನಮ್ಮದು, ಬಂದವರು ಬೇರೆಯವರು, ಉಪಚಾರ ನಮ್ಮ ದೊಡ್ಡತನ ಎಂದಾಯಿತು. ವರ್ಷದಲ್ಲಿ ಐದಾರು ತಿಂಗಳು ಇಲ್ಲೇ ಇದ್ದು, ಮರು ವರ್ಷ ಅದೇ ಕೆರೆ ಹುಡುಕಿಕೊಂಡು ಬರುವುದು ಅತಿಥಿ ಹೇಗಾಗುತ್ತದೆ?

ನಮ್ಮ ಕೆ.ಆರ್. ಪೇಟೆ, ನಾಗಮಂಗಲದವರಿಗಂತೂ ಇದು ಬೇಗ ಅರ್ಥವಾಗಬೇಕು. ಈ ಎರಡು ತಾಲ್ಲೂಕಿನ ಎಷ್ಟು ಮನೆಗಳಿಂದ ಮುಂಬೈಗೆ ಹೋಗಿ ದುಡಿಯುವವರಿಲ್ಲ? ನಮ್ಮ ಚಿಕ್ಕಪ್ಪನೂ ಅಲ್ಲಿನ ಹೋಟೆಲೊಂದರಲ್ಲಿದ್ದರು. 2020ರ ಮೇ ತಿಂಗಳಲ್ಲಿ, ಕೊರೊನಾ ಹೊತ್ತಿನಲ್ಲಿ, ಮುಂಬೈಯಿಂದ ಜನ ಊರಿಗೆ ಮರಳಿದಾಗ ಮಂಡ್ಯ ಜಿಲ್ಲೆಯಲ್ಲಿ ಸೋಂಕಿನ ಲೆಕ್ಕ ಒಮ್ಮೆಗೇ ಏರಿತು. ದಿನಾ ಟಿವಿಯಲ್ಲಿ ನಮ್ಮ ತಾಲ್ಲೂಕಿನ ಹೆಸರು. ಚಿಕ್ಕಪ್ಪನನ್ನು ಒಂದು ಹಾಸ್ಟೆಲಿನಲ್ಲಿ ಇಟ್ಟಿದ್ದರು. ಹದಿನಾಲ್ಕು ದಿನ ಮುಗಿಸಿ ಬಂದಾಗಲೂ ಬೀದಿಯ ಬಾಗಿಲುಗಳು ಮುಚ್ಚಿದವು. ಊರ ಜಾತ್ರೆಗೆ ಅವರ ವಂತಿಗೆ ಬೇಕಿತ್ತು, ಅವರು ಬೇಕಿರಲಿಲ್ಲ. ಅವರು ಆಮೇಲೆ ಒಂದೇ ಮಾತು ಅಂದಿದ್ದರು, ‘ನಾನೇನು ನೆಂಟನಾ ಇಲ್ಲಿಗೆ?’ ನನಗೆ ಆಗ ಹದಿನೈದು ವರ್ಷ. ಬಾತುಗಳನ್ನು ಎಣಿಸಲು ಶುರು ಮಾಡಿದ ಮೇಲೆ ಆ ಮಾತು ಆಗಾಗ ನೆನಪಾಗುತ್ತದೆ.

ನಮ್ಮ ಜಿಲ್ಲೆಯಲ್ಲೇ ಬೇರೆ ಮಾತು ಬಳಸುವ ಊರೊಂದಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಅಲ್ಲಿನ ಜನ ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಮಗಳು ಅಂದರೆ ಹೊರಗೆ ಹೋದರೂ ಮನೆಯವಳೇ. 2005ರ ತಿದ್ದುಪಡಿಯಾದ ಮೇಲಂತೂ ಆಸ್ತಿಯಲ್ಲೂ ಸಮಪಾಲು. ಕೆರೆಯ ಒಂದು ಮೂಲೆ ಕೇಳಿದರೆ ಅದು ದಾನವಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಗೆಳತಿಯರು ಕೇಳುವ ಪ್ರಶ್ನೆಗೂ ಉತ್ತರಿಸಬೇಕು. ‘ಹಕ್ಕಿ ಎಣಿಸಿದ್ರೆ ಪ್ಲೇಸ್‌ಮೆಂಟ್ ಆಯ್ತದಾ?’ ಆಗುವುದಿಲ್ಲ. ರೆಸ್ಯೂಮೆಯಲ್ಲಿ ಬರೆದು ನೋಡಿದ್ದೇನೆ. ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಒಬ್ಬರು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಮನೆಯಲ್ಲಿ ಸಾಲ ಇದ್ದಾಗ, ಬ್ಯಾಕ್‌ಲಾಗ್ ಇದ್ದಾಗ ಯಾರೂ ಕೆರೆ ನೋಡುತ್ತಾ ಕೂರಬೇಕು ಎಂದು ನಾನು ಹೇಳುವುದಿಲ್ಲ. ನಾನು ಕೇಳುತ್ತಿರುವುದು ಬದುಕನ್ನಲ್ಲ, ವರ್ಷಕ್ಕೆ ನಾಲ್ಕು ಬೆಳಗು. ಹಬ್ಬಕ್ಕೆ ಹೇಗೂ ಊರಿಗೆ ಬರುತ್ತೇವೆ. ದೀಪಾವಳಿಗೊಮ್ಮೆ, ಸಂಕ್ರಾಂತಿಗೊಮ್ಮೆ, ಶಿವರಾತ್ರಿಗೊಮ್ಮೆ, ಯುಗಾದಿಗೊಮ್ಮೆ. ಈ ನಾಲ್ಕೂ ವಲಸೆ ಹಕ್ಕಿಗಳು ಬಂದು, ಇದ್ದು, ಹೊರಡುವ ಕಾಲಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತವೆ ನೋಡಿ! ಹದಿನೈದು ನಿಮಿಷ ಒಂದೇ ಜಾಗದಲ್ಲಿ ನಿಂತು ಕಂಡದ್ದನ್ನು ಬರೆದರೆ ಸಾಕು. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಬರೆಯಿರಿ, ಸಂಖ್ಯೆ ಬರೆಯಿರಿ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ. ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ, ಅದರ ಜೊತೆಗೇ ಕಾಲೇಜು ಕ್ಯಾಂಪಸ್‌ಗಳಲ್ಲೂ. ನಮ್ಮ ದೇಶದ ಹಕ್ಕಿಗಳ ಸ್ಥಿತಿ ಹೇಳುವ 2023ರ ವರದಿ 942 ಜಾತಿಗಳನ್ನು ಪರಿಶೀಲಿಸಿ 178ಕ್ಕೆ ತುರ್ತು ಗಮನ ಬೇಕೆಂದಿತು. ದೂರದಿಂದ ವಲಸೆ ಬರುವವುಗಳ ಇಳಿಕೆಯೇ ಹೆಚ್ಚು ಎಂದಿತು. ಅದಕ್ಕೆ ಅಂಕಿ ಕೊಟ್ಟವರು ಸುಮಾರು 30 ಸಾವಿರ ಹಕ್ಕಿವೀಕ್ಷಕರು. ಅವರಲ್ಲಿ ಬಹಳಷ್ಟು ಜನ ವಿಜ್ಞಾನಿಗಳಲ್ಲ, ನಮ್ಮಂಥವರೇ. ಆದರೆ ನಮ್ಮ ಕೆರೆಯವರು ಯಾರೂ ಇರಲಿಲ್ಲ.

ಬೈನಾಕ್ಯುಲರ್ ಬಗ್ಗೆ ಕೇಳುವವರಿಗೆ: ನನ್ನ ಹತ್ತಿರ ಇರುವುದು ನಾಲ್ಕು ಜನ ಸೇರಿ ಕೊಂಡದ್ದು, ಸರದಿಯ ಮೇಲೆ. ಹೆಸರುಗಳಿಗೆ ತೇಜಸ್ವಿಯವರ ಹಕ್ಕಿ ಪುಸ್ತಕಗಳು ಲೈಬ್ರರಿಯಲ್ಲಿ ಸಿಗುತ್ತವೆ.

ಈ ಚಳಿಗಾಲ ನಮ್ಮ ಕೆರೆ ಮತ್ತೆ ತುಂಬಿದೆ. ನೋಡಲು ಚೆಂದ, ಕಲ್ಲಿನ ಬಟ್ಟಲಿನಂತೆ. ನೀರುಕಾಗೆಗಳು ಮುಳುಗು ಹಾಕುತ್ತಿವೆ, ಅವಕ್ಕೆ ಆಳ ತೊಂದರೆಯಿಲ್ಲ. ನಾಮದ ಕೋಳಿಗಳೂ ಇವೆ. ಸೂಜಿಬಾಲದ ಬಾತು, ನವೆಂಬರ್‌ನಿಂದ ಆರು ಸಲ ನೋಡಿದೆ, ಸೊನ್ನೆ. ಬಿಳಿಹುಬ್ಬಿನವು ಒಮ್ಮೆ 7 ಇಳಿದು, ಸುತ್ತಾಡಿ, ಹತ್ತು ನಿಮಿಷದಲ್ಲಿ ಎದ್ದುಹೋದವು.

ಎರಡು ಕಿಲೋಮೀಟರ್ ಆಚೆ ಇನ್ನೊಂದು ಕೆರೆ ಇದೆ, ಸಣ್ಣದು, ಅಂಚು ಇನ್ನೂ ಕೆಸರು. ಅದರ ಹೆಸರು ಯಾವ ಟೆಂಡರಿನಲ್ಲೂ ಬಂದಿಲ್ಲ. ಹೋದ ಭಾನುವಾರ ಅಲ್ಲಿಗೆ ಹೋಗಬೇಕಿತ್ತು, ತಮ್ಮನಿಗೆ ಪರೀಕ್ಷೆ. ಅಪ್ಪ ‘ನಡಿ, ನಾನೇ ಬತ್ತೀನಿ’ ಅಂದು ಟಿವಿಎಸ್ ತೆಗೆದರು. ಬೈನಾಕ್ಯುಲರ್ ಕೊಟ್ಟರೆ ಬೇಡ ಎಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಕುರಿ ಎಣಿಸುವ ಹಾಗೆ ಎರಡೆರಡಾಗಿ ಎಣಿಸಿದರು. ನನಗೆ ಸೂಜಿಬಾಲದ ಬಾತು 61 ಸಿಕ್ಕಿದ್ದವು, ಅಪ್ಪನಿಗೆ 64. ‘ಆ ಜೊಂಡಿನ ಹಿಂದೆ ಮೂರು ಅವೆ, ನಿಂಗೆ ಕಂಡಿಲ್ಲ’ ಅಂದರು. ಮತ್ತೆ ಎಣಿಸೋಣ ಅನ್ನುವಷ್ಟರಲ್ಲಿ ಎಮ್ಮೆಗಳು ನೀರಿಗಿಳಿದು ಬಾತುಗಳೆಲ್ಲ ಎದ್ದವು. ನೋಟ್‌ಬುಕ್ಕಿನಲ್ಲಿ 61 ಎಂದು ಬರೆದು, ಪಕ್ಕದಲ್ಲಿ ‘ಅಪ್ಪನ ಲೆಕ್ಕ 64’ ಎಂದು ಸೇರಿಸಿದೆ.